ಮುಂಬಯಿಯ ಅಗ್ಗದ ಮೇಜುಗಳು

ಜಹಾಂಗೀರ್ ಕಲಾ ಗ್ಯಾಲರಿ 1952ರಲ್ಲಿ ತೆರೆದದ್ದು; ಒಳಹೋಗಲು ಇಂದಿಗೂ ಕಾಸು ಕೊಡಬೇಕಿಲ್ಲ. ಶನಿವಾರದ ಅಪರಾಹ್ನವನ್ನು ಅಲ್ಲಿ ಕಳೆದು, ಸಂಜೆ ಕೊಲಾಬಾದ ಕೆಫೆ ಮಾಂಡೆಗಾರ್ ಹೊಕ್ಕೆ. ಗೋಡೆಗಳ ತುಂಬ ಮಾರಿಯೊ ಮಿರಾಂಡಾ ಅವರ ಗುಂಡುಗಣ್ಣಿನ ಜನ! ಒಂದು ಬಿಯರಿನ ಬೆಲೆಗೆ ಇದೂ ಚಿತ್ರಶಾಲೆಯೇ.

ಮನಸ್ಸು ಮಾತ್ರ ಕಾಲಾ ಘೋಡಾದ ವೇಸೈಡ್ ಇನ್ ಕಡೆಗೆ ಎಳೆಯುತ್ತಿತ್ತು. ಕವಿ ಅರುಣ್ ಕೊಲಟ್ಕರ್ ಅಲ್ಲಿ ಕುಳಿತು ನೋಡಿದ ಬೀದಿಯೇ 2004ರಲ್ಲಿ ‘ಕಾಲಾ ಘೋಡಾ ಪೊಯಮ್ಸ್’ ಆಗಿ ಬಂದಿತು. ಆ ಉಪಾಹಾರಗೃಹ ಈಗಿಲ್ಲ. ಇರಾನಿ ಹೋಟೆಲುಗಳೂ ಒಂದೊಂದಾಗಿ ಮುಚ್ಚುತ್ತ ಬಂದಿವೆ. ಬಡ ಕವಿ ಇನ್ನೆಲ್ಲಿ ಕುಳಿತು ಬರೆಯಬೇಕು?

ಭಾನುವಾರ ಬೆಳಿಗ್ಗೆ ಧೋಬಿ ತಲಾವಿನ ಕಯಾನಿಯಲ್ಲಿ ಬನ್ ಮಸ್ಕಾ, ಚಹಾ. 1904ರ ಅಂಗಡಿ. ಪಕ್ಕದ ಮೇಜಿನ ವಿದ್ಯಾರ್ಥಿಯ ಲೋಟ ಬರಿದಾಗಿ ಎಷ್ಟೋ ಹೊತ್ತಾಗಿತ್ತು. ಅವನು ಬರೆಯುತ್ತಲೇ ಇದ್ದ. ಯಾರೂ ಅವನನ್ನು ಏಳೆನ್ನಲಿಲ್ಲ.