ಉಪ್ಪು-ಸಿಹಿ ನೀರಿನ ಬಂಡೆಗಳ ಜೀವಿಗಳು ಮತ್ತು ನಮ್ಮ ಸವಳು ಭೂಮಿ

ಬೀಳಗಿ, ಜಮಖಂಡಿ, ಮುಧೋಳ ಭಾಗದ ಕೆಲವು ರೈತ ಬಾಂಧವರು ಕಬ್ಬಿಗೆ ಕಡಲ ಪಾಚಿಯ ದ್ರಾವಣವನ್ನು ಸಿಂಪಡಿಸುತ್ತಿದ್ದಾರೆ. “ಉಪ್ಪು ನೀರಿನಲ್ಲೇ ಬೆಳೆಯುವ ಪಾಚಿಯಲ್ಲವೇ, ಇದನ್ನು ಹೊಡೆದರೆ ಹೊಲದ ಸವಳು ಹೋಗುವುದೇ?” ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಉತ್ತರ ತಿಳಿಯಬೇಕಾದರೆ, ಪಾಚಿ ಮತ್ತು ಅದರ ನೆರೆಯ ಜೀವಿಗಳು ಉಪ್ಪಿನೊಡನೆ ಹೇಗೆ ಬಾಳುತ್ತವೆ ಎಂಬುದನ್ನು ಮೊದಲು ನೋಡಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ ತಕ್ಕ ಜಾಗ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆ.

ಉಪ್ಪು ಏರಿಳಿಯುವ ತಾಣ

ಶಿರಸಿಯ ಬಳಿ ಹುಟ್ಟುವ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಕುಮಟಾ ತಾಲ್ಲೂಕಿನಲ್ಲಿ ಅದು ಕಡಲು ಸೇರುತ್ತದೆ. ಈ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಮಾನ್ಯತೆ ದೊರೆಯಿತು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಬೇಸಿಗೆಯಲ್ಲಿ ಅಳಿವೆಯ ಬಾಯಿಯ ನೀರು ಹೆಚ್ಚು ಕಡಿಮೆ ಇಷ್ಟೇ ಉಪ್ಪಾಗಿರುತ್ತದೆ. ಮುಂಗಾರಿನಲ್ಲಿ ನೆರೆ ಬಂದಾಗ ಮೇಲ್ಪದರದ ನೀರು ಬಹುಪಾಲು ಸಿಹಿಯಾಗುತ್ತದೆ. ಇದಲ್ಲದೆ ದಿನಕ್ಕೆ ಎರಡು ಸಲ ಭರತ-ಇಳಿತಗಳಿಂದ ಬಂಡೆಗಳು ಮುಳುಗಿ, ಮತ್ತೆ ಬಿಸಿಲಿಗೆ ತೆರೆದುಕೊಳ್ಳುತ್ತವೆ.

ಬಂಡೆಯ ಮೇಲಿನ ಪಟ್ಟಿಗಳು

ಇಳಿತದ ಹೊತ್ತಿನಲ್ಲಿ ಬಂಡೆಯನ್ನೋ ಕಟ್ಟೆಯ ಕಲ್ಲನ್ನೋ ಗಮನಿಸಿದರೆ ಜೀವಿಗಳು ಪಟ್ಟಿ ಪಟ್ಟಿಯಾಗಿ ನೆಲೆಸಿರುವುದು ಕಾಣುತ್ತದೆ. ಮೇಲುಗಡೆ, ಹೆಚ್ಚು ಹೊತ್ತು ಒಣಗುವ ಕಡೆ, ಚಿಕ್ಕ ಬಸವನಹುಳುಗಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕುಳಿತಿರುತ್ತವೆ. ಅದರ ಕೆಳಗೆ ದೋಣಿಯ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಇರುತ್ತದೆ. ಇದು ಸಿಗಡಿಯ ದೂರದ ಸಂಬಂಧಿ. ಇನ್ನೂ ಕೆಳಗೆ ಸಿಂಪಿಗಳು ಮತ್ತು ಹಸಿರು ಪಾಚಿಗಳು ಸಿಗುತ್ತವೆ.

ಅಲೆ ಬಡಿಯುವ ತೆರೆದ ಕಡಲತೀರದಲ್ಲಿ ಸರ್ಗಾಸಮ್‌ನಂತಹ ಕಂದು ಪಾಚಿಗಳು ಬೆಳೆಯುತ್ತವೆ. ಅಲೆಯಿಲ್ಲದ ಅಳಿವೆಯ ಒಳಗೆ ಬಂಡೆಯ ಮೇಲೆ ರೇವೆ ಕೂರುವುದರಿಂದಲೂ ಉಪ್ಪು ಏರಿಳಿಯುವುದರಿಂದಲೂ ಇವು ನಿಲ್ಲಲಾರವು. ಅಲ್ಲಿ ಉಲ್ವಾ ಜಾತಿಯ ಹಸಿರು ಪಾಚಿ, ನೆರಳಿದ್ದ ಕಡೆ ಸಣ್ಣ ಕೆಂಪು ಪಾಚಿಗಳು ಉಳಿಯುತ್ತವೆ. ಒಳಗೆ ಹೋದಂತೆ ಜಾತಿಗಳು ಕಡಿಮೆಯಾಗುತ್ತವೆ. ಆದರೆ ತಾಳಿಕೊಂಡ ಜಾತಿಗಳು ದಟ್ಟವಾಗಿ ಬೆಳೆಯುತ್ತವೆ.

ತಾಳಿಕೊಳ್ಳುವ ಬಗೆ

ಉಪ್ಪು ಹಚ್ಚಿದ ಮಾವಿನಕಾಯಿ ನೀರು ಬಿಡುವುದನ್ನು ಎಲ್ಲರೂ ಬಲ್ಲರು. ಹೊರಗೆ ಉಪ್ಪು ಹೆಚ್ಚಾದರೆ ಜೀವಕೋಶದ ನೀರು ಹೊರಬರುತ್ತದೆ. ಕಡಿಮೆಯಾದರೆ ನೀರು ಒಳನುಗ್ಗುತ್ತದೆ. ಪಾಚಿಯು ಕೋಶದೊಳಗಿನ ಪೊಟ್ಯಾಸಿಯಂ, ಸಕ್ಕರೆ ಮೊದಲಾದ ದ್ರವ್ಯಗಳನ್ನು ಹೆಚ್ಚು ಕಡಿಮೆ ಮಾಡಿ ಇದನ್ನು ಸರಿದೂಗಿಸುತ್ತದೆ. ಸಿಂಪಿಯು ನೆರೆ ಬಂದಾಗ ಚಿಪ್ಪನ್ನು ಬಿಗಿಯಾಗಿ ಮುಚ್ಚುತ್ತದೆ. ಆದರೆ ಸಿಹಿನೀರು ಬಹಳ ದಿನ ನಿಂತರೆ ಅದೂ ಸಾಯುತ್ತದೆ. ಮರಿಯಾಗಿದ್ದಾಗ ಎರಡು ಮೂರು ವಾರ ಈಜಾಡುವ ಸಿಂಪಿ, ಒಮ್ಮೆ ಕಲ್ಲಿಗೆ ಅಂಟಿದ ಮೇಲೆ ಕದಲದು. ಬಿತ್ತಿದ ಬೆಳೆಯಂತೆಯೇ ಅದು ನಿಂತಲ್ಲಿಯೇ ಬಾಳಬೇಕು.

ಇದೇ ಅಳಿವೆಯ ದಂಡೆಯ ಗಜನಿ ಭೂಮಿಯಲ್ಲಿ ರೈತರು ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಮುಂಗಾರು ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ, ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿಯನ್ನು ಹಾಕುವುದೇ ಅವರ ಉಪಾಯ.

ನಮ್ಮ ಹೊಲಕ್ಕೆ ಅನ್ವಯ

ಈಗ ಮೊದಲಿನ ಪ್ರಶ್ನೆಗೆ ಬರೋಣ. ದ್ರಾವಣಕ್ಕೆ ಹೆಚ್ಚಾಗಿ ಬಳಸುವ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಬೆಳೆಸುತ್ತಾರೆ. ಅದು ಕಡಲಿನ ಪೂರ್ಣ ಉಪ್ಪನ್ನು ಬಯಸುತ್ತದೆ. ಸಿಹಿನೀರು ಬೆರೆತರೆ ಸೊರಗುತ್ತದೆ. ಅದರ ದ್ರಾವಣ ಬೆಳವಣಿಗೆಗೆ ಉತ್ತೇಜನ ಕೊಡಬಹುದು, ಆದರೆ ಮಣ್ಣಿನ ಉಪ್ಪನ್ನು ತೆಗೆಯಲಾರದು. ಉಪ್ಪು ಹೋಗಬೇಕಾದರೆ ನೀರಿನೊಡನೆ ಬಸಿದೇ ಹೋಗಬೇಕು.

ಕೆಳಗಿನ ಅಂಶಗಳನ್ನು ಗಮನದಲ್ಲಿಡಿ:

1. ಮೊದಲು ಮಣ್ಣು ಮತ್ತು ನೀರನ್ನು ಪರೀಕ್ಷೆ ಮಾಡಿಸಿರಿ. ಲವಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಮಣ್ಣಿನ ಸಾರದಲ್ಲಿ ಅದು ಮೀಟರಿಗೆ 4 ಡೆಸಿಸೈಮನ್ ದಾಟಿದರೆ ಸವಳು ಭೂಮಿ ಎನ್ನುತ್ತಾರೆ.

2. ಕಬ್ಬು ಮತ್ತು ಗೋವಿನಜೋಳದ ಇಳುವರಿ 1.7 ದಾಟಿದೊಡನೆ ತಗ್ಗತೊಡಗುತ್ತದೆ. ಗೋಧಿ 6, ಜೋಳ 6.8, ಹತ್ತಿ 7.7ರವರೆಗೆ ತಾಳುತ್ತವೆ. ಮೊಳಕೆಯ ಹಂತದಲ್ಲಿ ಮಾತ್ರ ಇವೂ ಸೂಕ್ಷ್ಮ.

3. ಎರೆ ಭೂಮಿಯಲ್ಲಿ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಬೇಡಿರಿ. ಅಂತರ್ಜಲ ಮೇಲೆ ಬಂದರೆ ಉಪ್ಪೂ ಮೇಲೆ ಬರುತ್ತದೆ.

4. ಬಸಿಗಾಲುವೆ ತೆಗೆದು, ನಂತರ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಿರಿ. ಪರೀಕ್ಷೆಯಲ್ಲಿ ಕ್ಷಾರ ಭೂಮಿ ಎಂದು ತಿಳಿದರೆ ಮಾತ್ರ ಜಿಪ್ಸಂ ಹಾಕಿರಿ. ಹಸಿರೆಲೆ ಗೊಬ್ಬರಕ್ಕೆ ಡೈಂಚಾ ಒಳ್ಳೆಯದು.

ಬಂಡೆಯ ಪ್ರತಿಯೊಂದು ಜೀವಿಯೂ ತಾನು ತಾಳುವಷ್ಟು ಉಪ್ಪಿರುವ ಎಡೆಯಲ್ಲಿ ಮಾತ್ರ ಉಳಿಯುತ್ತದೆ. ಬೀಜಕ್ಕೆ ತನ್ನ ಎಡೆಯನ್ನು ಆರಿಸಿಕೊಳ್ಳಲು ಬಾರದು. ಆ ಕೆಲಸ ರೈತನದು. ಆದುದರಿಂದ ದ್ರಾವಣಕ್ಕೆ ಹಣ ಹಾಕುವ ಮೊದಲು ಬಸಿಗಾಲುವೆಗೆ ಹಣ ಹಾಕುವುದು ಲೇಸು.