ನಾಚಿಕೆ ಬಿಟ್ಟು ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ

ಡಾಕ್ಟರ್ ಚೀಟಿಯಲ್ಲಿ ಮೂರೇ ಇಂಗ್ಲಿಷ್ ಅಕ್ಷರ ಬರೆದಿರುತ್ತಾರೆ: ಯುಡಿಎಸ್. ಪೂರ್ತಿ ಹೆಸರು ಯುರೋಡೈನಮಿಕ್ ಸ್ಟಡಿ, ಅಂದರೆ ಮೂತ್ರಕೋಶ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡುವ ಪರೀಕ್ಷೆ. ಒಪಿಡಿಯಿಂದ ಹೊರಗೆ ಬರುವಷ್ಟರಲ್ಲಿ ನಾವು ಮೊಬೈಲ್‌ನಲ್ಲಿ ಹುಡುಕಿ ಆಗಿರುತ್ತದೆ. ಮೂತ್ರದ ದಾರಿಯಲ್ಲಿ ಒಂದು ನಳಿಕೆ, ಹಿಂದಿನ ದಾರಿಯಲ್ಲಿ ಇನ್ನೊಂದು, ಆಮೇಲೆ ಬೇರೆಯವರು ಇರುವಾಗಲೇ ಮೂತ್ರ ಮಾಡಬೇಕು... ಇಷ್ಟು ಓದಿದ ಮೇಲೆ ಪಕ್ಕದಲ್ಲಿ ನಡೆಯುತ್ತಿರುವ ಅವ್ವನಿಗೆ ಏನಂತ ಹೇಳೋದು?

ಬೆಳಗಾವಿಯ ನೆಹರು ನಗರ ಅಂದರೆ ಸುತ್ತಲಿನ ಊರಿನವರಿಗೆ ಕೆಎಲ್ಇ ಆಸ್ಪತ್ರೆ. 1916ರಲ್ಲಿ ಹುಟ್ಟಿದ ಕೆಎಲ್ಇ ಸಂಸ್ಥೆ, 1963ರಲ್ಲಿ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಶುರುಮಾಡಿತು. ಅದರ ಜೊತೆಗಿರುವ ಡಾ. ಪ್ರಭಾಕರ ಕೋರೆ ಆಸ್ಪತ್ರೆಗೆ ಖಾನಾಪುರ, ಬೈಲಹೊಂಗಲ, ಗೋಕಾಕ, ಚಿಕ್ಕೋಡಿ ಕಡೆಯಿಂದೆಲ್ಲ ಜನ ಬರುತ್ತಾರೆ. ಯಾವುದೇ ದೊಡ್ಡ ಆಸ್ಪತ್ರೆಯ ಯುರಾಲಜಿ ವಿಭಾಗದ ಮುಂದೆ ಕೂತು ನೋಡಿ. ಕಿಡ್ನಿ ಕಲ್ಲಿನವರು ಜೋರಾಗಿ ಮಾತಾಡುತ್ತಾರೆ: "ನನಗ ಎಂಟ ಎಂ.ಎಂ., ನಿಮಗ ಎಷ್ಟರೀ?" ಆದರೆ ಕೆಮ್ಮಿದರೆ ಸೀರೆ ಒದ್ದೆಯಾಗುವವರು, ರಾತ್ರಿ ಐದು ಸಲ ಏಳುವವರು, ನಿಂತು ನಿಂತು ತಿಣುಕಿದರೂ ಪೂರ್ತಿ ಆಗದವರು ಸುಮ್ಮನೆ ಕೂತಿರುತ್ತಾರೆ. "ವಯಸ್ಸಾತಲ್ಲ, ಇದೆಲ್ಲಾ ಇರೂದ" ಅಂದುಕೊಂಡು ವರ್ಷಗಟ್ಟಲೆ ಮುಚ್ಚಿಟ್ಟ ಮೇಲೆ, ಇನ್ನು ಸಾಧ್ಯವೇ ಇಲ್ಲ ಎಂದಾಗ ಬಂದವರು ಅವರು.

ಈ ಪರೀಕ್ಷೆಯಲ್ಲಿ ದೊಡ್ಡ ಅಡಚಣೆ ನಳಿಕೆಯಲ್ಲ, ಆ ಮುಚ್ಚಿಡುವಿಕೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಸ್ಕ್ಯಾನ್ ಸಾಕಾಗೋದಿಲ್ವಾ?

ಸ್ಕ್ಯಾನಿಂಗ್ ಮಾಡಿದರೆ ಮೂತ್ರಕೋಶದ ಆಕಾರ ಕಾಣುತ್ತದೆ, ಕಲ್ಲು ಕಾಣುತ್ತದೆ, ಪ್ರಾಸ್ಟೇಟ್ ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ. ಆದರೆ ಅದರ ಸ್ವಭಾವ ಗೊತ್ತಾಗೋದಿಲ್ಲ. ಮೂತ್ರಕೋಶಕ್ಕೆ ಇರೋದು ಎರಡೇ ಕೆಲಸ: ತುಂಬುವಾಗ ಸುಮ್ಮನಿರಬೇಕು, ಖಾಲಿ ಮಾಡುವಾಗ ಗಟ್ಟಿಯಾಗಿ ಹಿಂಡಬೇಕು. ತುಂಬುವಾಗಲೇ ಹಿಂಡಲು ಶುರುಮಾಡಿದರೆ ಓಡಿ ಓಡಿ ಹೋಗಬೇಕು. ಖಾಲಿ ಮಾಡುವಾಗ ಹಿಂಡದಿದ್ದರೆ ಒಳಗೇ ಉಳಿಯುತ್ತದೆ.

ತೊಂದರೆ ಏನೆಂದರೆ, ಹೊರಗಿನಿಂದ ಎರಡು ಬೇರೆ ರೋಗಗಳು ಒಂದೇ ಥರ ಕಾಣುತ್ತವೆ. ಅಪ್ಪನಿಗೆ ಮೂತ್ರದ ಧಾರೆ ಸಣ್ಣದಾಗಿದೆ ಅಂದುಕೊಳ್ಳಿ. ಪ್ರಾಸ್ಟೇಟ್ ದಾರಿ ಅಡ್ಡಗಟ್ಟಿರಬಹುದು. ಇಲ್ಲವೇ ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ನರ ಸೋತು ಮೂತ್ರಕೋಶದ ಸ್ನಾಯುವೇ ದುರ್ಬಲ ಆಗಿರಬಹುದು. ಮೊದಲನೆಯದಕ್ಕೆ ಆಪರೇಷನ್ ಉಪಯೋಗ ಆಗುತ್ತದೆ. ಎರಡನೆಯದಕ್ಕೆ ಆಪರೇಷನ್ ಮಾಡಿಸಿಯೂ "ಏನೂ ಫರಕ ಆಗಲಿಲ್ಲ" ಅನ್ನುವ ಪರಿಸ್ಥಿತಿ ಬರಬಹುದು. ಅವ್ವನ ವಿಷಯವೂ ಹೀಗೇ. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಸೋರುವುದು ಒಂದು ಬಗೆ. ಬಾತ್‌ರೂಮಿನ ಬಾಗಿಲು ಮುಟ್ಟುವಷ್ಟರಲ್ಲಿ ಸೋರುವುದು ಇನ್ನೊಂದು. ಮೊದಲನೆಯದಕ್ಕೆ ವ್ಯಾಯಾಮ, ಬೇಕಾದರೆ ಆಪರೇಷನ್. ಎರಡನೆಯದಕ್ಕೆ ಮೂತ್ರಕೋಶಕ್ಕೆ ಕೊಡುವ ತರಬೇತಿ ಮತ್ತು ಮಾತ್ರೆ. ಎರಡೂ ಬೆರೆತಿದ್ದರೆ ಬಾಯಿಮಾತಿನಲ್ಲಿ ಬಿಡಿಸೋದು ಕಷ್ಟ.

ಹಾಗಂತ ಎಲ್ಲರಿಗೂ ಯುಡಿಎಸ್ ಬೇಕಿಲ್ಲ. ಲಕ್ಷಣ ಸ್ಪಷ್ಟ ಇದ್ದರೆ ವೈದ್ಯರು ನೇರವಾಗಿ ಚಿಕಿತ್ಸೆ ಶುರುಮಾಡಬಹುದು. ಸಂಶಯ ಇದ್ದಾಗ, ಮಾತ್ರೆ ಕೆಲಸ ಮಾಡದಿದ್ದಾಗ, ಆಪರೇಷನ್ ಮೊದಲು ಖಾತ್ರಿ ಮಾಡಿಕೊಳ್ಳಬೇಕಾದಾಗ ಇದನ್ನು ಬರೆಯುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ, ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇರುವ ಮಕ್ಕಳಿಗೆ ಇದು ಇನ್ನೂ ಮುಖ್ಯ. ಮೂತ್ರಕೋಶದ ಒಳಗಿನ ಒತ್ತಡ ಬಹಳ ಏರಿ 40 ಸೆಂ.ಮೀ. ನೀರಿನ ಮಟ್ಟ ದಾಟಿದರೆ ಕಿಡ್ನಿಗೆ ಅಪಾಯ ಅಂತ ವೈದ್ಯರು ಎಚ್ಚರ ವಹಿಸುತ್ತಾರೆ. ಆ ಒತ್ತಡ ಯಾವ ನೋವನ್ನೂ ಕೊಡದೆ ಏರಬಹುದು. ಅಳೆದರೆ ಮಾತ್ರ ಗೊತ್ತಾಗೋದು.

ತಯಾರಿ ಮನೆಯಲ್ಲೇ ಶುರು

ಪರೀಕ್ಷೆಗೆ ಮೊದಲು ಬಹಳಷ್ಟು ಕಡೆ ಮೂರು ದಿನದ 'ಬ್ಲ್ಯಾಡರ್ ಡೈರಿ' ಕೇಳುತ್ತಾರೆ. ಕೇಳದಿದ್ದರೂ ಬರೆದುಕೊಂಡು ಹೋಗಿ. ಮೊಬೈಲ್‌ನ ನೋಟ್ಸ್‌ನಲ್ಲೇ ಸಾಕು: ಎಷ್ಟು ಗಂಟೆಗೆ ಏನು ಕುಡಿದರು, ಎಷ್ಟು ಗಂಟೆಗೆ ಎಷ್ಟು ಎಂ.ಎಲ್. ಮೂತ್ರ ಆಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದರು. ರಾತ್ರಿಯದ್ದೂ ಬರೆಯಬೇಕು. ಚಹಾ ಬಿಡಬೇಡಿ, ಅದನ್ನೂ ಸೇರಿಸಿ.

ಅಳೆಯೋದು ಹೇಗೆ? ಒಂದು ಹಳೆಯ ಪ್ಲಾಸ್ಟಿಕ್ ಮಗ್ ತೆಗೆದುಕೊಳ್ಳಿ. ಮಗುವಿನ ಹಾಲಿನ ಬಾಟಲಿಯಿಂದ 50 ಎಂ.ಎಲ್. ನೀರು ಅಳೆದು ಸುರಿಯಿರಿ, ಮಾರ್ಕರ್‌ನಿಂದ ಗೆರೆ ಎಳೆಯಿರಿ. ಮತ್ತೆ 50, ಮತ್ತೊಂದು ಗೆರೆ. ಮಗ್ ಬಾತ್‌ರೂಮಿನಲ್ಲೇ ಇರಲಿ. ಅವ್ವ ಬಂದು "ಮೂರನೇ ಗೆರಿ ತನಕ ಬಂತು" ಅಂದರೆ ಸಾಕು, ನೀವು 150 ಅಂತ ಬರೆದುಕೊಳ್ಳಿ.

ಇನ್ನುಳಿದ ತಯಾರಿ:

- ಮೂತ್ರದ ಸೋಂಕು ಇದೆಯಾ ಅಂತ ಮೊದಲೇ ಪರೀಕ್ಷೆ ಆಗಬೇಕು. ಉರಿ, ಜ್ವರ, ಮೂತ್ರದ ವಾಸನೆ ಬದಲಾದಂತೆ ಅನಿಸಿದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಸೋಂಕು ಇದ್ದರೆ ಪರೀಕ್ಷೆ ಮುಂದೂಡುತ್ತಾರೆ, ಅದೇ ಸರಿ.
- ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮೂತ್ರಕೋಶಕ್ಕೆ ಸಂಬಂಧಿಸಿದ ಕೆಲವು ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಲು ಹೇಳಬಹುದು, ಮುಂದುವರಿಸಲೂ ಹೇಳಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮರೆಯದೆ ತಿಳಿಸಿ.
- ಮಲಬದ್ಧತೆ ಇದ್ದರೆ ಎರಡು ದಿನ ಮೊದಲೇ ಹೇಳಿ. ಹೊಟ್ಟೆ ಕಟ್ಟಿದ್ದರೆ ಹಿಂದಿನ ನಳಿಕೆಯ ಅಳತೆ ಸರಿಯಾಗಿ ಬರೋದಿಲ್ಲ.
- ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಅರಿವಳಿಕೆಯೂ ಇಲ್ಲ. ಬೇರೆ ಏನಾದರೂ ಹೇಳಿದ್ದರೆ ಮಾತ್ರ ಹಾಗೆ ಮಾಡಿ. ಸಕ್ಕರೆ ಕಾಯಿಲೆಯವರು ತಿಂಡಿ ಬಿಟ್ಟು ಬರಬಾರದು.
- ಗರ್ಭಿಣಿ ಆಗಿರಬಹುದು ಎಂಬ ಅನುಮಾನ ಇದ್ದರೆ, ಅಥವಾ ಮುಟ್ಟಿನ ದಿನ ಅದೇ ವಾರ ಬರುವಂತಿದ್ದರೆ ಮೊದಲೇ ಕೇಳಿ ದಿನಾಂಕ ಹೊಂದಿಸಿಕೊಳ್ಳಿ.
- ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾಗಿದ್ದವರು ಅದನ್ನು ಹೇಳಲೇಬೇಕು. ಮೂತ್ರಕೋಶ ತುಂಬುವಾಗ ಅವರ ಬಿಪಿ ಒಮ್ಮೆಲೇ ಏರಬಹುದು.
- ಸಡಿಲ ಬಟ್ಟೆ, ಒಂದು ಜೊತೆ ಬದಲಿ ಬಟ್ಟೆ, ಒಂದೆರಡು ಪ್ಯಾಡ್ ಬ್ಯಾಗಿನಲ್ಲಿರಲಿ. ಖರ್ಚು ಎಷ್ಟು ಅಂತ ಅಪಾಯಿಂಟ್‌ಮೆಂಟ್ ದಿನವೇ ಕೇಳಿಕೊಳ್ಳಿ.

ಖಾನಾಪುರದಿಂದ ಬರುವವರ ಸಂಕಟ

ಪರೀಕ್ಷೆಗೆ ಮೂತ್ರಕೋಶ ತುಂಬಿರಬೇಕು ಅನ್ನುತ್ತಾರೆ. ಆದರೆ ಸೋರುವ ಭಯ ಇರುವವರು ಊರು ಬಿಡುವಾಗ ಮಾಡುವ ಮೊದಲ ಕೆಲಸವೇ ನೀರು ಬಿಡೋದು. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದು ಮತ್ತೆ ನೆಹರು ನಗರಕ್ಕೆ ಇನ್ನೊಂದು ಬಸ್ಸೋ ಆಟೋನೋ ಹಿಡಿಯಬೇಕು. ಹಳ್ಳಿಯಿಂದ ಹೊರಟವರಿಗೆ ಖಾನಾಪುರ ಮುಟ್ಟೋದೇ ಒಂದು ಪಯಣ. ಬೆಳಗ್ಗೆಯಿಂದ ಗುಟುಕು ನೀರಿಲ್ಲದೆ ಬಂದು ಕೂತರೆ ಮೂತ್ರಕೋಶ ಖಾಲಿ.

ಇದಕ್ಕೆ ಸುಲಭ ಉಪಾಯ ಇದೆ. ದಾರಿಯಲ್ಲಿ ತುಂಬಿಸಿಕೊಂಡು ಬರಬೇಡಿ. ಹೇಳಿದ ಸಮಯಕ್ಕೆ ಗಂಟೆ, ಒಂದೂವರೆ ಗಂಟೆ ಮೊದಲೇ ಆಸ್ಪತ್ರೆ ಮುಟ್ಟಿ, ಶೌಚಾಲಯ ಎಲ್ಲಿದೆ ನೋಡಿಕೊಂಡು, ಅಲ್ಲೇ ಕೂತು ನಿಧಾನಕ್ಕೆ ನೀರು ಕುಡಿಯಿರಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇದ್ದವರು ಎಷ್ಟು ಕುಡಿಯಬೇಕು ಅಂತ ಮೊದಲೇ ಕೇಳಿರಬೇಕು. 'ಹೋಗಬೇಕು ಅನಿಸ್ತಿದೆ, ಆದರೆ ಸಂಕಟ ಇಲ್ಲ' ಅನ್ನುವಷ್ಟು ತುಂಬಿದರೆ ಸಾಕು. ತಡೆಯಲಾಗದಿದ್ದರೆ ಸಿಸ್ಟರ್‌ಗೆ ಹೇಳಿ. ಸರದಿ ಬರುವ ತನಕ ಹಲ್ಲುಕಚ್ಚಿ ಕೂರಬೇಡಿ.

ಕೋಣೆಯೊಳಗೆ ಏನಾಗುತ್ತದೆ

ಮೊದಲು ಒಂದು ವಿಶೇಷ ಪಾತ್ರೆ ಇಟ್ಟ ಕುರ್ಚಿಯಲ್ಲಿ ಮೂತ್ರ ಮಾಡಲು ಹೇಳುತ್ತಾರೆ. ಗಂಡಸರು ನಿಂತೂ ಮಾಡಬಹುದು. ಈ ಹೊತ್ತಿಗೆ ಸಾಮಾನ್ಯವಾಗಿ ನಿಮ್ಮನ್ನು ಒಬ್ಬರನ್ನೇ ಬಿಡುತ್ತಾರೆ. ಸೆಕೆಂಡಿಗೆ ಎಷ್ಟು ಎಂ.ಎಲ್. ಬಂತು ಅಂತ ಯಂತ್ರ ಗೆರೆ ಎಳೆಯುತ್ತದೆ. 150 ಎಂ.ಎಲ್.ಗಿಂತ ಕಡಿಮೆ ಆದರೆ ಆ ಗೆರೆಯನ್ನು ನಂಬೋದು ಕಷ್ಟ. ಅದಕ್ಕೇ ತುಂಬಿಕೊಂಡು ಬನ್ನಿ ಅನ್ನೋದು.

ಆಮೇಲೆ ಮಲಗಿಸಿ, ಜೆಲ್ ಹಚ್ಚಿ, ಮೂತ್ರದ ದಾರಿಯಲ್ಲಿ ತೆಳುವಾದ ನಳಿಕೆ ಹಾಕುತ್ತಾರೆ. ಅದು ಸುಮಾರು ಎರಡು ಮಿಲಿಮೀಟರ್ ದಪ್ಪ. ಆಪರೇಷನ್ ಆದವರಿಗೆ ಹಾಕುವ ಯೂರಿನ್ ಪೈಪ್‌ಗಿಂತ ಬಹಳ ಸಣ್ಣದು. ಹಾಕುವಾಗ ಒಂದೆರಡು ಕ್ಷಣ ಉರಿ, ಇರುಸುಮುರುಸು. ಉದ್ದಕ್ಕೆ ಉಸಿರು ಬಿಟ್ಟು ಕಾಲು ಸಡಿಲ ಬಿಟ್ಟರೆ ಸಲೀಸು. ಒಳಗೆ ಎಷ್ಟು ಮೂತ್ರ ಉಳಿದಿತ್ತು ಅನ್ನೋದೂ ಇಲ್ಲೇ ತಿಳಿಯುತ್ತದೆ.

ಹಿಂದಿನ ನಳಿಕೆ ಯಾಕೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಕೆಮ್ಮಿದಾಗ ಇಡೀ ಹೊಟ್ಟೆಯ ಒತ್ತಡ ಏರುತ್ತದೆ, ಮೂತ್ರಕೋಶದ ಮೇಲೂ ಬೀಳುತ್ತದೆ. ಒಳಗಿನ ಒತ್ತಡ 40 ತೋರಿಸಿದರೆ ಅದರಲ್ಲಿ ಹೊಟ್ಟೆಯದೆಷ್ಟು, ಮೂತ್ರಕೋಶದ್ದೆಷ್ಟು? ಹಿಂದಿನ ನಳಿಕೆ ಹೊಟ್ಟೆಯದು 25 ಅಂದರೆ, ಮೂತ್ರಕೋಶದ ಸ್ವಂತ ಹಿಂಡುವಿಕೆ 15. ಇಷ್ಟೇ, ಕಳೆಯುವ ಲೆಕ್ಕ. ಈ ಲೆಕ್ಕ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಈಗ ನಳಿಕೆಯಿಂದ ಸಲೈನ್ ನಿಧಾನವಾಗಿ ಮೂತ್ರಕೋಶ ತುಂಬುತ್ತದೆ. ಕೆಮ್ಮಿ ಅನ್ನುತ್ತಾರೆ, ನಲ್ಲಿ ನೀರಿನ ಸದ್ದು ಕೇಳಿಸಬಹುದು, ಎದ್ದು ನಿಲ್ಲಿ ಅನ್ನಬಹುದು. ಪೂರ್ತಿ ತುಂಬಿದ ಮೇಲೆ ನಳಿಕೆ ಇದ್ದಂತೆಯೇ ಮೂತ್ರ ಮಾಡಬೇಕು. ಎಲ್ಲ ಸೇರಿ ಅರ್ಧ ಗಂಟೆಯಿಂದ ಒಂದು ಗಂಟೆ.

ಯಂತ್ರಕ್ಕೆ ಗೊತ್ತಿಲ್ಲದ್ದು

ಯಂತ್ರಕ್ಕೆ ಒತ್ತಡ ಗೊತ್ತು, ನಿಮಗೆ ಏನನಿಸುತ್ತಿದೆ ಅನ್ನೋದು ಗೊತ್ತಿಲ್ಲ. ತುಂಬುತ್ತಾ ಹೋದಂತೆ ಸಿಸ್ಟರ್ ಕೇಳುತ್ತಾರೆ: ತುಂಬಿದ್ದು ಗೊತ್ತಾಯ್ತಾ? ಹೋಗಬೇಕು ಅನಿಸ್ತಾ? ಇನ್ನು ತಡೆಯೋಕೆ ಆಗಲ್ವಾ? ನೀವು ಹೇಳಿದ ಕ್ಷಣದಲ್ಲೇ ಗ್ರಾಫ್ ಮೇಲೆ ಗುರುತು ಬೀಳುತ್ತದೆ. ನಾಚಿಕೆಯಿಂದ "ಇಲ್ರೀ, ಏನೂ ಇಲ್ಲ" ಅಂತ ತಡೆದುಕೊಂಡರೆ ಗುರುತು ತಪ್ಪಾದ ಜಾಗದಲ್ಲಿ ಬೀಳುತ್ತದೆ. ಅದನ್ನು ನೋಡಿಯೇ ಮಾತ್ರೆ ಬರೆಯೋದು, ಆಪರೇಷನ್ ತೀರ್ಮಾನಿಸೋದು.

ಅದಕ್ಕೇ ಮನೆಯಲ್ಲೇ ಅವ್ವನ ಜೊತೆ ಮಾತಾಡಿಕೊಂಡು ಬನ್ನಿ, ಅವರದೇ ಮಾತಿನಲ್ಲಿ: "ಸ್ವಲ್ಪ ಬಂದಂಗ ಅನಸ್ತದ", "ಈಗ ಹೋಗಬೇಕು", "ಇನ್ನ ತಡಕೊಳ್ಳಾಕ ಆಗೂದಿಲ್ಲ". ಖಾನಾಪುರ ಕಡೆ ಎಷ್ಟೋ ಮನೆಗಳಲ್ಲಿ ಮಾತು ಮರಾಠಿ. ಮರಾಠಿಯಲ್ಲೇ ಹೇಳಲಿ, ಮೊದಲೇ ಸಿಸ್ಟರ್‌ಗೆ ತಿಳಿಸಿದರಾಯಿತು. ಮಹಿಳಾ ಸಿಬ್ಬಂದಿ ಇರಲಿ ಅಂತ ಕೇಳಬಹುದು. ಕೋಣೆಯಲ್ಲಿ ಯಾರ್ಯಾರು ಇರುತ್ತಾರೆ, ಯಾಕೆ ಅಂತಲೂ ಕೇಳಬಹುದು. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಕಲಿಯುವ ಡಾಕ್ಟರ್‌ಗಳೂ ಇರಬಹುದು. ಮುಜುಗರ ಆದರೆ ವಿನಯದಿಂದ ಹೇಳಿ.

ಇನ್ನೊಂದು ಮಾತು. ಕುರ್ಚಿಯ ಮೇಲೆ ಸೋರಿದರೆ ಅವ್ವ "ಅಯ್ಯ, ಹೊಲಸ ಆತು" ಅಂತ ಕುಗ್ಗಿಹೋಗುತ್ತಾರೆ. ವೈದ್ಯರು ಕಾಯುತ್ತಿರೋದೇ ಅದಕ್ಕೆ. ಮನೆಯಲ್ಲಿ ಆಗುವ ತೊಂದರೆ ಇಲ್ಲಿ ಕಣ್ಣೆದುರು ಆದರೇನೇ ಕಾರಣ ಸಿಗೋದು. ಅವತ್ತು ಸೋರದೆ ಇದ್ದರೆ "ಮನೆಯಲ್ಲಿ ಹೀಗಿರಲ್ಲ, ಇಂಥ ಹೊತ್ತಲ್ಲಿ ಸೋರುತ್ತೆ" ಅಂತ ಹೇಳಿ, ಡೈರಿ ತೋರಿಸಿ.

ಮುಗಿದ ಮೇಲೆ

ಒಂದೆರಡು ದಿನ ಮೂತ್ರ ಮಾಡುವಾಗ ಉರಿ, ಮೂತ್ರ ಸ್ವಲ್ಪ ಗುಲಾಬಿ ಬಣ್ಣ, ಪದೇ ಪದೇ ಹೋಗಬೇಕೆನಿಸುವುದು ಇರಬಹುದು. ನೀರಿಗೆ ಮಿತಿ ಇಲ್ಲದವರು ಚೆನ್ನಾಗಿ ನೀರು ಕುಡಿಯಿರಿ. ಆ್ಯಂಟಿಬಯೊಟಿಕ್ ಕೊಟ್ಟಿದ್ದರೆ ಹೇಳಿದಷ್ಟು ಪೂರ್ತಿ ತೆಗೆದುಕೊಳ್ಳಿ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ಹೆಪ್ಪುಗಟ್ಟಿ ಬಂದರೆ, ಉರಿ ಎರಡು ದಿನದ ಮೇಲೂ ಇದ್ದರೆ ಕಾಯಬೇಡಿ, ವೈದ್ಯರನ್ನು ಕಾಣಿ.

ರಿಪೋರ್ಟ್ ಕೈಗೆ ಬಂದಾಗ ಅದರ ಗ್ರಾಫ್ ನೋಡಿ ನಾವೇ ತೀರ್ಮಾನ ಮಾಡೋದು ಬೇಡ. ವೈದ್ಯರ ಮುಂದೆ ಕೂತಾಗ ಮೂರು ಪ್ರಶ್ನೆ ಕೇಳಿ: ತೊಂದರೆ ತುಂಬುವಾಗ ಇದೆಯಾ, ಖಾಲಿಯಾಗುವಾಗ ಇದೆಯಾ? ಕಿಡ್ನಿಗೆ ಅಪಾಯ ಇದೆಯಾ? ಆಪರೇಷನ್ ಇಲ್ಲದ ದಾರಿ ಮೊದಲು ನೋಡಬಹುದಾ?

ಮನೆಯಲ್ಲಿ ಯಾರೋ ಮದುವೆಗೆ ಬರಲ್ಲ ಅನ್ನುತ್ತಿದ್ದಾರೆ, ಸವದತ್ತಿ ಎಲ್ಲಮ್ಮನ ಜಾತ್ರೆ ಈ ವರ್ಷ ಬೇಡ ಅನ್ನುತ್ತಿದ್ದಾರೆ, ಬಸ್ ಹತ್ತುವ ಮೊದಲು ಚಹಾ ಕೊಟ್ಟರೆ ಮುಟ್ಟುತ್ತಿಲ್ಲ. ಮೊಣಕಾಲು ನೋವು ಅಂತ ಕಾರಣ ಹೇಳಬಹುದು. ಒಮ್ಮೆ ಮೆಲ್ಲಗೆ, ಒಬ್ಬರೇ ಇದ್ದಾಗ, ಇದನ್ನೂ ಕೇಳಿ ನೋಡಿ.