ಮನೆಯಲ್ಲೇ ಸೊಳ್ಳೆ ಎಣ್ಣೆ: ನಾನು ಮಾಡಿದ ತಪ್ಪು ನೀವು ಮಾಡಬೇಡಿ

ಸೊಳ್ಳೆ ಬತ್ತಿ ಹಚ್ಚಿದರೆ ಮಗಳಿಗೆ ಕೆಮ್ಮು. ಪ್ಲಗ್‌ಗೆ ಹಾಕುವ ಲಿಕ್ವಿಡ್ ಇಟ್ಟರೆ ನನಗೆ ತಲೆನೋವು. ಕಿಟಕಿ ಮುಚ್ಚಿ ಕೂತರೆ ಸೆಕೆ. 2024ರ ಮಳೆಗಾಲ ನಿಮಗೂ ನೆನಪಿರಬೇಕು. ಆ ಸೆಪ್ಟೆಂಬರ್‌ನಲ್ಲೇ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ್ದು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲೂ ಇಬ್ಬರು ಜ್ವರದಿಂದ ಮಲಗಿದ್ದರು. ನಾಲ್ಕು ವರ್ಷದ ಮಗಳ ಕಾಲಲ್ಲಿ ಒಂದು ಕೆಂಪು ಗುಳ್ಳೆ ಕಂಡರೂ ನನ್ನ ಎದೆ ಧಸಕ್ ಅನ್ನೋದು.

ಆಗಲೇ ಮೊಬೈಲ್‌ನಲ್ಲಿ ಒಂದು ರೀಲ್ ನೋಡಿದೆ. ನೀರಿಗೆ ಸಿಟ್ರೊನೆಲ್ಲಾ ಎಣ್ಣೆ ಹಾಕಿ ಸ್ಪ್ರೇ ಬಾಟಲಿಗೆ ತುಂಬಿದರೆ ಮುಗೀತು, ಕೆಮಿಕಲ್ ಇಲ್ಲ, ಖರ್ಚಿಲ್ಲ! ಮರುದಿನವೇ ಎಣ್ಣೆ ತರಿಸಿದೆ.

ಮೊದಲ ವಾರ ಏನೂ ಉಪಯೋಗ ಕಾಣಲಿಲ್ಲ. ವಾಸನೆಯೂ ಅಷ್ಟಕ್ಕಷ್ಟೇ. ಸಾಲಲಿಲ್ಲವೇನೋ ಎಂದು ಇನ್ನೊಂದಿಷ್ಟು ಎಣ್ಣೆ ಸುರಿದೆ. ಒಂದು ಸಂಜೆ ಪಾರ್ಕ್‌ಗೆ ಹೊರಡುವಾಗ ಬಾಟಲಿಯ ತಳದಲ್ಲಿದ್ದದ್ದನ್ನು ಮಗಳ ಎರಡೂ ಕೈಗೆ ಹೊಡೆದೆ. "ಅಮ್ಮಾ ಉರಿ, ಉರಿ!" ಎಂದು ಕಿರುಚಿದಳು. ಗಾಬರಿಯಲ್ಲಿ ಬರೀ ನೀರು ಹಾಕಿ ತೊಳೆದೆ. ನೀರಿಗೆ ಎಣ್ಣೆ ಹೋಗುತ್ತದೆಯೇ? ಹತ್ತು ನಿಮಿಷದಲ್ಲಿ ಮೊಣಕೈವರೆಗೂ ಕೆಂಪು ದದ್ದು.

ಡಾಕ್ಟರ್ ಬಾಟಲಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನೀರಲ್ಲಿ ಎಣ್ಣೆ ಕರಗುತ್ತಾ ಮೇಡಂ?"

ಸಾರಿನ ಮೇಲೆ ಒಗ್ಗರಣೆ ತೇಲುವುದನ್ನು ದಿನಾ ನೋಡುವವಳಿಗೆ ಇದು ಹೊಳೆದಿರಲಿಲ್ಲ! ಸಿಟ್ರೊನೆಲ್ಲಾ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಸ್ಪ್ರೇಯ ಕೊಳವೆ ಇರುವುದು ತಳದಲ್ಲಿ. ಹಾಗಾಗಿ ವಾರವಿಡೀ ನಾನು ಹೊಡೆದದ್ದು ಹೆಚ್ಚು ಕಡಿಮೆ ನೀರು. ಕೊನೆಗೆ ಬಂದದ್ದು ಏನೂ ಬೆರೆಸದ ಎಣ್ಣೆ. ಪುಣ್ಯಕ್ಕೆ ಎರಡು ದಿನದಲ್ಲಿ ದದ್ದು ಇಳಿಯಿತು.

ಅವರು ಹೇಳಿದ ಇನ್ನೊಂದು ಮಾತು ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. ನಾನು ಸ್ಪ್ರೇ ಮಾಡುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಅಂದರೆ ಮಗಳು ಸ್ಕೂಲ್ ವ್ಯಾನ್‌ಗೆ ಕಾಯುವ ಹೊತ್ತು, ಪಾರ್ಕ್‌ನಲ್ಲಿ ಆಡುವ ಹೊತ್ತು.

ಹಾಗಂತ ಎಣ್ಣೆ ಮಾಡೋದು ಬಿಟ್ಟಿಲ್ಲ. ಸರಿಯಾಗಿ ಮಾಡೋದು ಕಲಿತೆ.

ಬೇಕಾಗುವುದು
ಕೊಬ್ಬರಿ ಎಣ್ಣೆ 50 ಮಿ.ಲೀ.
ಸಿಟ್ರೊನೆಲ್ಲಾ ಎಣ್ಣೆ 1 ಮಿ.ಲೀ. (ಸುಮಾರು 20 ಹನಿ)
ಗಾಢ ಬಣ್ಣದ ಗಾಜಿನ ಬಾಟಲಿ

ಮಾಡುವ ವಿಧಾನ
ಬಾಟಲಿ ಪೂರ್ತಿ ಒಣಗಿರಲಿ. ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದರೆ ಬಿಸಿನೀರಲ್ಲಿಟ್ಟು ಕರಗಿಸಿ, ತಣ್ಣಗಾದ ಮೇಲೆ ಸಿಟ್ರೊನೆಲ್ಲಾ ಬೆರೆಸಿ ಅಲ್ಲಾಡಿಸಿ. ಹನಿ ಒಂದೇ ಅಳತೆಯಲ್ಲಿ ಬೀಳುವುದಿಲ್ಲ, ಅದಕ್ಕೆ ಮಿ.ಲೀ. ಗುರುತಿರುವ ಡ್ರಾಪರ್ ಬಳಸಿ. ಇದು 2 ಶೇಕಡ ಆಯಿತು. ಘಾಟು ಸಾಲದು ಎಂದು ಹೆಚ್ಚಿಸಬೇಡಿ. ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ನೋಡಿ. ಉರಿ, ತುರಿಕೆ ಇದ್ದರೆ ಸೋಪಿನಿಂದ ತೊಳೆದು ಅಲ್ಲಿಗೇ ಬಿಡಿ.

ಇವು ನೆನಪಿರಲಿ
ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚುವುದೇ ಬೇಡ. ಅವರಿಗೆ ಉದ್ದ ತೋಳಿನ ಬಟ್ಟೆ, ಸೊಳ್ಳೆ ಪರದೆ. ಗರ್ಭಿಣಿಯರು, ಅಸ್ತಮಾ ಇರುವವರು ಡಾಕ್ಟರನ್ನು ಕೇಳಿಯೇ ಬಳಸಿ.
ದೊಡ್ಡ ಮಕ್ಕಳಿಗೂ ಅಂಗೈ, ಕಣ್ಣು, ಬಾಯಿ ಹತ್ತಿರ ಬೇಡ.
ಕರ್ಪೂರ ಸೇರಿಸಬೇಡಿ. ಕರ್ಪೂರವಾಗಲಿ ನೀಲಗಿರಿ ಎಣ್ಣೆಯಾಗಲಿ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಈ ಬಾಟಲಿಗಳೆಲ್ಲ ಕೈಗೆ ಸಿಗದಷ್ಟು ಎತ್ತರದಲ್ಲಿರಲಿ.
ಊಟಿಯಿಂದ ತರುವ ನೀಲಗಿರಿ ಎಣ್ಣೆಯೂ ಸೊಳ್ಳೆಗೆ ಹೆಸರಾದ ಲೆಮನ್ ಯೂಕಲಿಪ್ಟಸ್ಸೂ ಒಂದೇ ಅಲ್ಲ, ಮರವೇ ಬೇರೆ.

ಸೊಳ್ಳೆ ನಮ್ಮ ಉಸಿರು, ಬೆವರಿನ ವಾಸನೆ, ಮೈಬಿಸಿ ಹಿಡಿದು ಹುಡುಕಿಕೊಂಡು ಬರುತ್ತದೆ. ಸಿಟ್ರೊನೆಲ್ಲಾದ ಘಾಟು ಅದರ ದಾರಿ ತಪ್ಪಿಸುತ್ತದೆ, ಕೊಲ್ಲುವುದಿಲ್ಲ. ಘಾಟು ಆವಿಯಾದರೆ ಕೆಲಸವೂ ಮುಗಿಯಿತು. ಒಂದು ಗಂಟೆ ಸಿಕ್ಕರೆ ಹೆಚ್ಚು. ಸಂಜೆ ಬಾಲ್ಕನಿಯಲ್ಲಿ ಕಾಫಿ ಕುಡಿಯಲು ಇದು ಸಾಕು. ಡೆಂಗಿ ಇರುವ ಏರಿಯಾದಲ್ಲಿ ಇಡೀ ಹಗಲು ಕಳೆಯಲು ಖಂಡಿತ ಸಾಲದು. ಅಂಥ ಕಡೆ ನಾನೂ ಮೆಡಿಕಲ್ ಶಾಪ್‌ನಿಂದ ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮ್ ತರುತ್ತೇನೆ, ಲೇಬಲ್ ಮೇಲಿನ ವಯಸ್ಸು ಓದಿ.

ನಿಜವಾದ ಔಷಧ ತೋರಿಸಿದ್ದು ಸಾಗರದಿಂದ ಬಂದ ಅಮ್ಮ. ಬಾಲ್ಕನಿಯ ಕುಂಡದ ತಟ್ಟೆ ಎತ್ತಿ, "ಇಲ್ಲಿ ನೋಡು ಮಾರಾಯ್ತಿ, ಸೊಳ್ಳೆನ ನೀನೇ ಸಾಕ್ತಿದೀಯಲ್ಲೆ!" ಅಂದಳು. ನಿಂತ ನೀರಲ್ಲಿ ಪುಟ್ಟ ಹುಳಗಳು ಪುಳಪುಳ ಓಡಾಡುತ್ತಿದ್ದವು. ಮನಿ ಪ್ಲಾಂಟ್ ಬಾಟಲಿಯಲ್ಲೂ ಅದೇ ಕಥೆ. ಈಡಿಸ್‌ಗೆ ಕೊಳಚೆ ಬೇಡ, ಇಂಥ ತಿಳಿನೀರೇ ಇಷ್ಟ. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಆಗದು, ಅಂಚಿಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಬ್ರಷ್ ಹಾಕಿ ಉಜ್ಜಬೇಕು.

ಈಗ ಭಾನುವಾರ ಬೆಳಗ್ಗೆ ತಟ್ಟೆ ಉಜ್ಜುವ ಡ್ಯೂಟಿ ಮಗಳದ್ದು. ಕೆಲಸ ಮುಗಿದ ಮೇಲೆ ಸಾಗರಕ್ಕೆ ವಿಡಿಯೊ ಕಾಲ್ ಹೋಗುತ್ತದೆ: "ಅಜ್ಜೀ, ಇವತ್ತೂ ಹುಳ ಇಲ್ಲ!"